ಆ ದಿನ ಹುಟ್ಟಿದವರು

"ನೇಪಾಳದ ಅರಸರ ಮನಿತನ ಗುಂಡೇಟಿಗೆ ಸತ್ತದ್ದು ನನ್ನ ಹುಟ್ಟುಹಬ್ಬದ ದಿನಾನೇ ಯಾಕ ಬರಬೇಕು, ಮಾಸ್ತರ?"

ಹಾವಗೆಪ್ಪ ಹಾಳೆಯನ್ನು ನಾಗಸೇನನ ಮುಂದೆ ಎಸೆದ.

"ಅದು ಇತಿಹಾಸರಿ, ಅಣ್ಣೋರ. ಎರಡು ಸಾವಿರದ ಒಂದರಾಗ..."

"ಇತಿಹಾಸ ನನ್ನ ಕೇಳಿ ನಡದದೇನು? ತೆಗಿ ಅದನ್ನ. ಛಲೋ ಛಲೋವು ಅಷ್ಟೇ ಇರ್ಲಿ."

ನಾಗಸೇನ ನೇಪಾಳದ ಮೇಲೆ ಗೆರೆ ಎಳೆದ. ಮುಂಬಯಿ-ಪುಣೆ ನಡುವೆ ಡೆಕ್ಕನ್ ಕ್ವೀನ್ ರೈಲು ಮೊದಲ ಸಲ ಓಡಿದ್ದು ಉಳಿಯಿತು. ನರ್ಗಿಸ್ ಹುಟ್ಟಿದ್ದು ಉಳಿಯಿತು. ವಿಶ್ವ ಹಾಲಿನ ದಿನವಂತೂ ದಪ್ಪಕ್ಷರಕ್ಕೇರಿತು. ಹಾವಗೆಪ್ಪನ ಕೊಟ್ಟಿಗೆಯಲ್ಲಿ ಹನ್ನೊಂದು ಮುರ್ರಾ ಎಮ್ಮೆಗಳಿದ್ದವು.

ನಾಗಸೇನ ಅತಿಥಿ ಶಿಕ್ಷಕ. ಹೆಸರಿಗೆ ಅತಿಥಿ, ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಅವನ ಅನ್ನ ಯಾರದೋ ನಾಲಿಗೆಯ ತುದಿಯಲ್ಲಿ ಕೂತಿರುತ್ತದೆ. ನಾಲ್ಕು ವರ್ಷ ಭಾಲ್ಕಿಗೊಂದು, ಅಲ್ಲಿಂದ ಔರಾದ ಕಡೆಗೊಂದು ಬಸ್ಸು ಹಿಡಿದು ದುಡಿದಿದ್ದ. ಈ ಸಲ ಸ್ವಂತ ಊರಿನ ಶಾಲೆಯಲ್ಲೇ ಇತಿಹಾಸ ಶಿಕ್ಷಕರ ಜಾಗ ಖಾಲಿಯಾಗಿತ್ತು. ಅಲ್ಲಿನ ಶಾಲಾ ಸಮಿತಿಗೆ ಹಾವಗೆಪ್ಪನೇ ಅಧ್ಯಕ್ಷ. "ನಾ ಹುಟ್ಟಿದ ತಾರೀಖಿನಾಗ ಜಗತ್ತಿನೊಳಗ ಏನೇನು ದೊಡ್ಡ ಕೆಲಸ ಆಗ್ಯಾವೋ ಹುಡುಕಿ ಒಂದು ಪುಸ್ತಕ ಮಾಡು. ನನ್ನ ಐವತ್ತಕ್ಕ ಹಂಚೋಣ. ಜಾಗ ನಿಂದೇ" ಎಂದಿದ್ದ.

ಆ ಊರಲ್ಲಿ ಹುಟ್ಟುಹಬ್ಬವನ್ನು ಬ್ಯಾನರಿಗೆ ಏರಿಸಿದ ಮೊದಲ ಮನುಷ್ಯ ಹಾವಗೆಪ್ಪ. ಉಳಿದವರು ತಾವು ಹುಟ್ಟಿದ್ದೇವೆ ಎಂಬುದರಲ್ಲೇ ತೃಪ್ತರು. ಯಾವ ದಿನ ಎಂದು ಕೇಳಿಕೊಂಡವರಿಲ್ಲ.

ಹೊರಗೆ ರೋಹಿಣಿ ಮಳೆ ಒಂದು ಸಲ ಬಡಿದು ನಿಂತಿತ್ತು. ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದ ಹಾವಗೆಪ್ಪನ ತಾಯಿ ಗುರಮ್ಮ ತಲೆ ಎತ್ತಿದಳು.

"ಇವ ಹುಟ್ಟಿದಾಗ ಕಣದಾಗ ತೊಗರಿ ರಾಶಿ ನಡದಿತ್ತಪ್ಪ. ಥಂಡಿ ಅಂದ್ರ ಥಂಡಿ. ರಾಶಿ ಅಲ್ಲೇ ಬಿಟ್ಟು ಮನಿಗೆ ಓಡಿಬಂದೆ."

"ಅವ್ವಗ ವಯಸ್ಸಾಗ್ಯಾದ" ಎಂದು ಹಾವಗೆಪ್ಪ ಕೈ ಬೀಸಿದ. "ಸಾಲಿ ದಾಖಲಾತಿ ನೋಡು. ಕರೀಮ ಸಾಬರು ಕೈಯಾರೆ ಬರದಾರ. ಸರಕಾರಿ ಶಾಯಿ ಸುಳ್ಳು ಹೇಳ್ತದೇನು?"

ಕರೀಮ ಸಾಬರು ಊರಿನ ಎರಡು ತಲೆಮಾರನ್ನು ಶಾಲೆಗೆ ಸೇರಿಸಿಕೊಂಡ ಹಳೆಯ ಹೆಡ್ಮಾಸ್ತರು. ಮಗುವಿನ ಕೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ದಾಖಲು. ಮುಟ್ಟದಿದ್ದರೆ ಮುಂದಿನ ವರ್ಷ. ಹಾವಗೆಪ್ಪನೂ ನಾಗಸೇನನೂ ಹಾಗೆ ಕಿವಿ ಮುಟ್ಟಿಯೇ ಒಳಗೆ ಹೋದವರು.

ಚಹಾ ಹೇಳಲು ಹಾವಗೆಪ್ಪ ಒಳಗೆ ಹೋದ. ಗಾಳಿಗೆ ಮೇಜಿನ ಮೇಲಿನ ಒಂದು ಕಾಗದ ಹಾರಿ ನಾಗಸೇನನ ಕಾಲ ಬಳಿ ಬಿತ್ತು. ಸಮಿತಿಯ ಠರಾವು. ಇತಿಹಾಸದ ಅತಿಥಿ ಶಿಕ್ಷಕಿ: ಸಪ್ನಾ. ಹಾವಗೆಪ್ಪನ ಅಳಿಯನ ತಂಗಿ. ಸಹಿ ಬಿದ್ದು ಮೂರು ದಿನವಾಗಿತ್ತು.

ನಾಗಸೇನ ಎರಡು ಸಲ ಓದಿದ. ಕಾಗದವನ್ನು ಇದ್ದಲ್ಲೇ ಇಟ್ಟು, ಮೇಲೆ ಅಡಕತ್ತರಿ ಹೇರಿದ.

"ಮಾಸ್ತರ," ಹಾವಗೆಪ್ಪ ಹೊರಗೆ ಬಂದು ಮೀಸೆ ನೀವಿದ. "ಈ ಊರಾಗ ನನ್ನ ಬಿಟ್ಟು ಆ ದಿನ ಹುಟ್ಟಿದವರು ಮತ್ಯಾರರ ಅದಾರೇನು?"

ನಾಗಸೇನನ ಕೈ ಅಂಗಿಯ ಜೇಬಿನ ಮೇಲಿತ್ತು. "ಆ ದಿನ ಹುಟ್ಟಿದವರು ಈ ಊರಾಗ ಒಬ್ಬರೂ ಇಲ್ರಿ, ಅಣ್ಣೋರ. ಆಣಿ ಮಾಡಿ ಹೇಳ್ತೇನಿ."

ಹಾವಗೆಪ್ಪನ ಮುಖ ಅರಳಿತು.

"ಕಡೀ ಪುಟ ಒಂದು ಖಾಲಿ ಉಳದದರಿ," ಎಂದ ನಾಗಸೇನ ಮೆಲ್ಲಗೆ. "ಹೆಂಗೂ ಹಾಲಿನ ದಿನ. ಅಣ್ಣೋರ ತಾರೀಖೇ ಇದ್ದವರು ಊರಾಗ ಸಿಕ್ಕರ ತಲಿಗೊಂದು ಎಮ್ಮಿ, ಅಂತ ಹಾಕೋಣೇನ್ರಿ? ಬೀದರ ಪೇಪರಿನ್ಯಾಗೂ ಬರ್ತದ."

ಹಾವಗೆಪ್ಪ ಹೊಟ್ಟೆ ಕುಣಿಸಿ ನಕ್ಕ. "ಒಬ್ಬನೂ ಇಲ್ಲಂದ ಮ್ಯಾಲ ಎಮ್ಮಿ ಯಾಕ, ಆನಿ ಅಂತ ಹಾಕು!"

"ಎಮ್ಮಿನೇ ಇರ್ಲಿರಿ. ಸುಳ್ಳು ಹೇಳ್ಕೋತ ಬರ್ತಾರ, ಆಧಾರ ಕಾರ್ಡ್ ತೋರಿಸಬೇಕು ಅಂತ ಕೆಳಗ ಬರೀತೇನಿ."

"ಭಾರಿ ಶಾಣ್ಯಾ ಇದ್ದಿ ಬಿಡು!"

ಹುಟ್ಟುಹಬ್ಬದ ಬೆಳಿಗ್ಗೆ ಶಾಲೆಯ ಅಂಗಳ ತುಂಬಿತ್ತು. ಕರೀಮ ಸಾಬರಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಕೊನೆಯ ಪುಟವನ್ನು ಹಾವಗೆಪ್ಪ ತಾನೇ ಮೈಕಿನಲ್ಲಿ ಓದಿದ. ತಲೆಗೊಂದು ಎಮ್ಮೆ ಎಂಬಲ್ಲಿ ಎರಡು ಸಲ ಓದಿದ.

ಹೆಂಗಸರ ಗುಂಪಿನಿಂದ ಕಾಂತಾಬಾಯಿ ಎದ್ದಳು. ಬಿಟ್ಟಿ ಬಸ್ಸಿಗೆಂದು ಸದಾ ಸೊಂಟದ ಸಂಚಿಯಲ್ಲೇ ಇಟ್ಟುಕೊಳ್ಳುತ್ತಿದ್ದ ಆಧಾರ ಕಾರ್ಡನ್ನು ತೆಗೆದು ವೇದಿಕೆಯ ಮೇಲಿಟ್ಟಳು.

"ನೋಡ್ರಿ ಅಣ್ಣೋರ, ಇದೇನಾ ನಿಮ್ಮ ತಾರೀಖ?"

ಹಾವಗೆಪ್ಪ ನೋಡಿದ. ಜೂನ್ ಒಂದು.

ಅಷ್ಟರಲ್ಲಿ ಬಕ್ಕಪ್ಪ ಬಂದ. ಜೂನ್ ಒಂದು. ಸುಂದರಬಾಯಿ, ಜೂನ್ ಒಂದು. ಖಾಸಿಂ ಅಲಿ ಹೆಂಡತಿಯ ಕಾರ್ಡನ್ನೂ ಹಿಡಿದು ತಂದಿದ್ದ. ಎರಡೂ ಜೂನ್ ಒಂದು. ಗಂಡಸರು ಕಾರ್ಡು ತರಲು ಮನೆಗಳತ್ತ ಓಡುತ್ತಿದ್ದರು. ಸಾಲು ಗೇಟು ದಾಟಿ ಹನುಮಂತನ ಗುಡಿ ಮುಟ್ಟಿತ್ತು. ದೂರದಲ್ಲಿ, ಕೊಟ್ಟಿಗೆಯ ಎಮ್ಮೆಯೊಂದು ಕೂಗಿತು.

"ಕರೀಮ ಸಾಬ್ರ, ಏನಿದು?" ಹಾವಗೆಪ್ಪನ ಗಂಟಲು ಮೈಕಿನಲ್ಲೇ ಒಡೆಯಿತು.

ಕರೀಮ ಸಾಬರು ಶಾಲು ಸರಿಪಡಿಸಿಕೊಂಡರು. "ಖರೇ ತಾರೀಖ ಯಾರ ಮನ್ಯಾಗ ಬರದಿಟ್ಟಿದ್ರು ಬೇಟಾ? ಕಿವಿ ಮುಟ್ಟಿದ್ರ ಆರು ವರ್ಷ. ಸಾಲಿ ತೆರಿಯೋ ದಿನಾನೇ ಎಲ್ಲಾರಿಗೂ ಬರ್ದೆ. ನಿನಗೂ ಅಷ್ಟೇ."

"ತೊಗರಿ ರಾಶಿ ಅಂದ್ರ ಕೇಳಲಿಲ್ಲ" ಎಂದು ಗುರಮ್ಮ ಪಕ್ಕದವಳಿಗೆ ಹೇಳಿದಳು.

"ಮಾಸ್ತರ!" ಹಾವಗೆಪ್ಪ ಬೆವರುತ್ತ ಸುತ್ತ ಹುಡುಕಿದ. "ಎಲ್ಲಿದ್ದೀ? ಒಬ್ಬರೂ ಇಲ್ಲಂತ ಆಣಿ ಮಾಡಿದ್ದೆಲ್ಲೋ!"

"ಆ ದಿನ ಹುಟ್ಟಿದವರು ಒಬ್ಬರೂ ಇಲ್ಲಂತ ಈಗೂ ಅಂತೇನ್ರಿ, ನಿಮ್ಮನ್ನೂ ಹಿಡದು" ಎಂದು ಸಾಲಿನ ತುದಿಯಿಂದ ಕೂಗಿದ ನಾಗಸೇನ, ಅಂಗಿಯ ಜೇಬಿನಿಂದ ತನ್ನ ಕಾರ್ಡು ತೆಗೆದು ಮೇಲೆತ್ತುತ್ತ.