ಪಿಳ್ಳಮ್ಮ ಬರೆಸಿದ ಹೆಸರು

ಮುನಿಯಕ್ಕನ ಹೆಸರು ಕಿವಿಗೆ ಬಿದ್ದ ಕೂಡಲೇ ವೆಂಕಟರಮಣಪ್ಪ ಮೇಷ್ಟ್ರ ಪೆನ್ನು ನಿಂತಿತು.

"ಯಾರಮ್ಮ?" ಎಂದರು.

"ಮುನಿಯಕ್ಕ. ನನ್ನ ವಾರಗಿತ್ತಿ. ಬರೀರಿ ಮೇಷ್ಟ್ರೇ," ಎಂದಳು ಪಿಳ್ಳಮ್ಮ.

ಅಂಗಳದಲ್ಲಿ ಕೂತಿದ್ದ ಹಿರಿಯರು ಮುಖ ಮುಖ ನೋಡಿಕೊಂಡರು. ಮಗ ಕೃಷ್ಣಪ್ಪ ಕೂತಲ್ಲಿಂದ ಎದ್ದೇಬಿಟ್ಟ.

ಸೋಮವಾರ ಪಿಳ್ಳಮ್ಮನ ಹೊಟ್ಟೆಯ ಗಡ್ಡೆಗೆ ಆಪರೇಷನ್. ಗಂಡಾಂತರವಿದೆ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ರೋಗಿಗೆ ಎಚ್ಚರ ತಪ್ಪಿದ ಮೇಲೆ ಹತ್ತು ಜನ ಬಂದು ಹತ್ತು ಮಾತಾಡಿದರೆ ಆಗುವುದಿಲ್ಲ. ನಿಮ್ಮ ಪರವಾಗಿ ಮಾತಾಡುವವರು ಒಬ್ಬರೇ ಇರಲಿ, ಏನು ಮಾಡಬೇಕೆಂದು ಈಗಲೇ ಬರೆಸಿಡಿ ಎಂದಿದ್ದರು. ಹಾಗಾಗಿ ಎಂಬತ್ತಾರನೇ ಇಸವಿಯ ಆ ಭಾನುವಾರ ನಾಗಸಂದ್ರದ ಅಂಗಳದಲ್ಲಿ ಪಂಚಾಯಿತಿಯ ಹಾಗೆ ಜನ ಸೇರಿದ್ದರು.

ಏನು ಮಾಡಬೇಕೆಂಬುದನ್ನು ಪಿಳ್ಳಮ್ಮ ತಡವರಿಸದೆ ಹೇಳಿದ್ದಳು. ಡಾಕ್ಟರು ಕೈಚೆಲ್ಲಿದರೆ ಉಸಿರಾಟದ ಮಿಷನ್ನು ತೆಗೆಸಿ, ಉಸಿರಿರುವಾಗಲೇ ಮನೆಗೆ ತರಬೇಕು. ಹೊರಗೆ ಸತ್ತವರನ್ನು ಮನೆಯೊಳಕ್ಕೆ ತರುವ ಪದ್ಧತಿ ಆ ಮನೆತನದಲ್ಲಿರಲಿಲ್ಲ. ಅವಳ ಗಂಡ ಚಿಕ್ಕಬೈರಪ್ಪ ಆಸ್ಪತ್ರೆಯಲ್ಲೇ ತೀರಿಕೊಂಡಾಗ ಹೆಣವನ್ನು ತುಮಕೂರು ರಸ್ತೆಯ ಪಕ್ಕದ ಮರದಡಿ ಮಲಗಿಸಿದ್ದರು. ತಾನೇ ಕಟ್ಟಿಸಿದ ಮನೆಯ ಹೊಸ್ತಿಲನ್ನು ಅವನು ಮತ್ತೆ ದಾಟಲಿಲ್ಲ.

ಬಾಳಿ ಬದುಕಿದ ಹೆಂಗಸು ಅಂದರೆ ಹೀಗಿರಬೇಕು ಎಂದು ಹಿರಿಯ ದೊಡ್ಡಮುನಿಯಪ್ಪ ತಲೆದೂಗಿದ. ಹಿಂದಿನ ವರ್ಷ ಊರಿನ ಮುದುಕ ನಲ್ಲಪ್ಪ, ಹೇಗಾದರೂ ಉಳಿಸಿ ಎಂದು ಡಾಕ್ಟರ ಕಾಲು ಹಿಡಿದದ್ದನ್ನು ಯಾರೋ ನೆನಪಿಸಿದರು. ಮೊಮ್ಮಕ್ಕಳ ಮದುವೆ ನೋಡಿದ ಮೇಲೂ ಬದುಕುವ ಚಪಲವೇ ಎಂದು ಅಂಗಳವೆಲ್ಲ ನಕ್ಕಿತು. ಪಿಳ್ಳಮ್ಮನೂ ನಕ್ಕಳು.

ಅದೆಲ್ಲ ಸರಿ. ಆದರೆ ಮುನಿಯಕ್ಕ?

ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಾವಿ ಮುಚ್ಚಿಸೋಣ ಎಂದು ಪಿಳ್ಳಮ್ಮ ಅಂದಾಗ ಮುನಿಯಕ್ಕ ಅದಕ್ಕೆ ಕಟ್ಟೆ ಕಟ್ಟಿಸಿದ್ದಳು. ಎಮ್ಮೆ ಮಾರಿ, ಪೀಣ್ಯದ ಕಾರ್ಖಾನೆ ಹುಡುಗರಿಗೆ ಬಾಡಿಗೆ ಮನೆ ಕಟ್ಟಿಸು ಎಂದು ಪಿಳ್ಳಮ್ಮ ಹೇಳಿಕಳಿಸಿದಳಂತೆ. ಆ ವಾರವೇ ಮುನಿಯಕ್ಕ ಇನ್ನೊಂದು ಎಮ್ಮೆ ತಂದು ಪಿಳ್ಳಮ್ಮನ ಕಿಟಕಿಗೆ ಎದುರಾಗಿ ಕಟ್ಟಿದ್ದಳು.

ಅಂಥವಳ ಕೈಗೆ ಅಮ್ಮನ ಪ್ರಾಣ. ಕೃಷ್ಣಪ್ಪನಿಗೆ ಊಟ ಸೇರಲಿಲ್ಲ. ಕೂತರೆ ಎದ್ದ, ಎದ್ದರೆ ಕೂತ. ನಾನಿಲ್ಲವೇ ಎಂದು ಅಮ್ಮನನ್ನು ಕೇಳಿದ.

"ನಿನ್ನ ಕೈಲಾಗಲ್ಲ ಬಿಡೋ," ಎಂದಳು.

ಅಮ್ಮನ ಮಾತಿಗೆ ಎದುರಾಡಿ ಗೊತ್ತಿಲ್ಲದವನು. ಅದನ್ನೂ ನುಂಗಿಕೊಂಡ. ತಡೆಯಲಾರದೆ ಸಂಜೆ ಗೋಡೆಯಾಚೆಗೆ ಹೋದ. ಮುನಿಯಕ್ಕ ಎಮ್ಮೆಯ ಕೆಚ್ಚಲಿನ ಹತ್ತಿರ ಕೂತಿದ್ದಳು. ಏನೇ ಆದರೂ ಅವಸರ ಮಾಡಬೇಡ ಚಿಕ್ಕಮ್ಮಾ ಎಂದು ಬೇಡಿಕೊಂಡ. ಅವಳು ತಿರುಗಿ ನೋಡದೆ, ಬರೆಸಿದ್ದು ಏನೇನು ಎಂದಷ್ಟೇ ವಿಚಾರಿಸಿದಳು. ಅವನು ಹೇಳಿದ.

"ಮಿಷನ್ ತೆಗೆಸಿ ಮನೆಗೆ ತರ್ಬೇಕಂತಾ?"

"ಊಂ."

"ಅಂಗೇ ಏಳವ್ಳಾ? ಸರಿ, ಬರ್ತೀನಿ ನಡಿ."

ಆ ದನಿಯಲ್ಲಿ ಏನೋ ತೃಪ್ತಿಯಿತ್ತು.

ಆಪರೇಷನ್ ಮುಗಿಯಿತು, ಪಿಳ್ಳಮ್ಮನಿಗೆ ಎಚ್ಚರವಾಗಲಿಲ್ಲ. ಮರುದಿನವೂ ಆಗಲಿಲ್ಲ. ಮಿಷನ್ನು ಅವಳ ಪರವಾಗಿ ಉಸಿರಾಡುತ್ತಿತ್ತು. ಡಾಕ್ಟರು ಹೊರಗೆ ಬಂದು, ಆಸೆ ಕಡಿಮೆ ಎಂದರು. ಹೀಗೇ ಬಿಟ್ಟು ಕಾದು ನೋಡಬಹುದು. ಮನೆಗೆ ಕರೆದೊಯ್ಯುವುದಾದರೆ ಈಗಲೇ ಒಯ್ಯಬೇಕು. ದೊಡ್ಡಮುನಿಯಪ್ಪ ಆಗಲೇ ಮೆಟಡಾರ್ ವ್ಯಾನ್ ತರಿಸಿ ಗೇಟಿನಲ್ಲಿ ನಿಲ್ಲಿಸಿದ್ದ. ಊರಲ್ಲಿ ಸೊಸೆ ಭಾಗ್ಯಮ್ಮ ನಡುಮನೆ ಸಾರಿಸಿ ಚಾಪೆ ಹಾಸಿಟ್ಟಿದ್ದಳು.

ಎಲ್ಲರೂ ಮುನಿಯಕ್ಕನ ಕಡೆ ತಿರುಗಿದರು. ಅವಳು ಗಾಜಿನಾಚೆ ಮಲಗಿದ್ದವಳನ್ನು ಒಂದು ಗಳಿಗೆ ದಿಟ್ಟಿಸಿದಳು.

"ಮಿಷನ್ ಇರ್ಲಿ ಸಾರ್. ವ್ಯಾನ್ ವಾಪಸ್ ಕಳ್ಸಿ."

ದೊಡ್ಡಮುನಿಯಪ್ಪ ದಂಗಾದ. "ಆಯಮ್ಮ ಬರೆಸಿರೋದು ಬೇರೆ ಐತಲ್ಲಮ್ಮ."

"ಬರೆಸಿದ್ರೆ? ಗ್ಯಾನ ತಪ್ಪಿ ಮಲಗಿದ್ರೂ ನನ್ಮೇಲೆ ಯಜಮಾನ್ಕೆ ಮಾಡ್ತಾಳಾ? ಇರ್ಲಿ ಅಂದ್ನಲ್ಲ."

ಎಲೆ ಅಡಿಕೆ ಮೆಲ್ಲುತ್ತ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ನೆಂಟರು ಬೈದರು, ಬೆದರಿಸಿದರು, ಹೆಣ ಬೀದಿಪಾಲಾದರೆ ನೀನೇ ಹೊಣೆ ಎಂದರು. ಡಾಕ್ಟರು ಮಾತ್ರ, ರೋಗಿ ಹೆಸರಿಸಿದ್ದು ಇವರನ್ನು, ಇವರ ಮಾತೇ ಮಾತು ಎಂದುಬಿಟ್ಟರು.

ಕೃಷ್ಣಪ್ಪನ ಕಣ್ಣು ತುಂಬಿತು. ಇಷ್ಟು ವರ್ಷದ ಜಗಳದ ಅಡಿಯಲ್ಲಿ ಇಂಥ ಅಂತಃಕರಣ ಇತ್ತೇ ಎಂದುಕೊಂಡು ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಕಾಲು ಎಳೆದುಕೊಂಡಳು.

"ಏಳೋ. ನಿಮ್ಮವ್ವನ ಮೇಲೆ ನಂಗೇನ್ ಪಿರೀತಿ ಉಕ್ತಿಲ್ಲ."

ಆ ವಾರ ಕಳೆಯುವಷ್ಟರಲ್ಲಿ ಪಿಳ್ಳಮ್ಮ ಕಣ್ಣು ಬಿಟ್ಟಳು. ಮಿಷನ್ನು ಹೋಯಿತು, ಗಂಜಿ ಬಂತು, ಗಂಜಿಯ ಹಿಂದೆಯೇ ದನಿಯೂ ಬಂತು. ನೆಂಟರೆಲ್ಲರ ಎದುರಿಗೆ ಅವಳು ಮೊದಲು ಮಾಡಿದ ಕೆಲಸವೆಂದರೆ ಮುನಿಯಕ್ಕನನ್ನು ಬೈದದ್ದು. ನಾನು ಬರೆಸಿದ್ದೇನು, ನೀನು ಮಾಡಿದ್ದೇನು, ಊರ ಮುಂದೆ ನನ್ನ ಮಾತಿನ ಮಾನ ತೆಗೆದೆಯಲ್ಲ ಎಂದು ಏದುಸಿರಿನಲ್ಲೇ ಹೇಳಿದಳು. ದೊಡ್ಡಮುನಿಯಪ್ಪ ಹೌದು ಹೌದು ಎಂದ.

"ನೀನು ಏಳಿದಂಗೆ ಕೇಳೋಕೆ ನಾನೇನು ನಿನ್ನ ಮಗನಾ?" ಎಂದಳು ಮುನಿಯಕ್ಕ. ಚೀಲ ಬಗಲಿಗೆ ಹಾಕಿ, ಎಮ್ಮೆ ಕರೆಯುವ ಹೊತ್ತಾಯಿತೆಂದು ಹೊರಟಳು. ಗೆದ್ದವಳ ನಡಿಗೆ ಅದು.

ನೆಂಟರೂ ಒಬ್ಬೊಬ್ಬರಾಗಿ ಇಳಿದು ಹೋದರು. ಕೃಷ್ಣಪ್ಪ ಮಂಚದ ಹತ್ತಿರ ಕೂತು ಅಮ್ಮನ ಕೈ ಹಿಡಿದುಕೊಂಡ.

"ನನ್ನ ಹೆಸರು ಬರೆಸಿದ್ರೆ ನೀನು ಹೇಳ್ದಂಗೇ ಮಾಡ್ಬಿಡ್ತಿದ್ದೆ ಕಣಮ್ಮ," ಎಂದ. "ನಿನ್ನ ಮಾತು ಯಾವತ್ತು ಮೀರಿದೀನಿ?"

ಪಿಳ್ಳಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದಳು.

"ಗೊತ್ತು ಕಣೋ. ಅದಕ್ಕೇ ಅವ್ಳನ್ನ ಬರೆಸಿದ್ದು."