ಗೆಸ್ಟಿಗೆ ಪಾಸ್‌ವರ್ಡ್ ಬೇಡ

ತಂಗಿ ಹಳೆಯ ಬನಿಯನ್ ಚೂರಿನಿಂದ ಪ್ರಿಂಟರಿನ ಧೂಳು ಒರೆಸಿದಳು. ಹಾಳೆಗಳ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಅಂಚು ತಟ್ಟಿ ಸರಿಮಾಡಿ, ಒಳಗಿಟ್ಟಳು. ಅಣ್ಣ ಮೇಜಿನ ಕೆಳಗೆ ತೂರಿ ವೈರು ಹುಡುಕುತ್ತಿದ್ದ. ಗಂಡನ ಮನೆ ಸಾಕೆಂದು ಅವಳು ಚೀಲ ಹಿಡಿದು ಇಲ್ಲಿಗೆ ಬಂದಾಗ ಬೇಸಿಗೆ. ಈಗ ಕಿಟಕಿ ಮುಚ್ಚಿ ಕೂರುವಷ್ಟು ಚಳಿ. ಯಾಕೆ ಬಂದೆ ಎಂದು ಯಾರೂ ಕೇಳಿರಲಿಲ್ಲ. ಎಷ್ಟು ದಿನ ಎಂದೂ ಕೇಳಿರಲಿಲ್ಲ.

ಅಣ್ಣನ ಕಂಪ್ಯೂಟರಿನಲ್ಲಿ ವಿಂಡೋಸ್. ಮೂಲೆಯಲ್ಲಿ ಬಿದ್ದಿದ್ದ ಲ್ಯಾಪ್‌ಟಾಪಿಗೆ ಅದು ಭಾರವೆಂದು ಲಿನಕ್ಸ್ ಹಾಕಿ, ಅವನೇ ತಂಗಿಗೆ ಕೊಟ್ಟಿದ್ದ. ಪ್ರಿಂಟರ್ ಮಾತ್ರ ಒಂದೇ, ಅದು ಅವನ ಕಂಪ್ಯೂಟರಿನ ಬಾಲಕ್ಕೆ ಕಟ್ಟಿದ್ದು. ಲ್ಯಾಪ್‌ಟಾಪಿನಿಂದಲೂ ಪ್ರಿಂಟ್ ಬರಬೇಕಾದರೆ ಎರಡನ್ನೂ ಜೋಡಿಸಬೇಕಿತ್ತು.

“ಎಣ್ಣೆ ಸೀಗೆಕಾಯಿ ಸಂಬಂಧ ಕಣೇ ಇವೆರಡಕ್ಕೂ,” ಎನ್ನುತ್ತ ಅಣ್ಣ ಎದ್ದು ಕೂತ.

“ಅಂದ್ರೆ ನಿಮ್ಮ ನನ್ನ ಥರ ಅನ್ನಿ,” ಬಾಗಿಲಲ್ಲಿ ನಿಂತ ಅತ್ತಿಗೆ ನಕ್ಕಳು. ತಂಗಿಗೂ ನಗು ಬಂತು.

“ಅಣ್ಣಾ, ಪಾಸ್‌ವರ್ಡ್ ಕೇಳ್ತಿದೆ.”

“ತಾಳು, ಗೆಸ್ಟ್ ಅಂತ ಬಿಟ್ಬಿಡ್ತೀನಿ. ಗೆಸ್ಟಿಗೆ ಪಾಸ್‌ವರ್ಡ್ ಬೇಡ. ತಲೆನೋವೇ ಇಲ್ಲ.”

ಅವನ ಪರದೆಯ ಮೇಲೆ ಹೆಸರುಗಳಿದ್ದವು: ಅಣ್ಣನದು, ಅದರ ಕೆಳಗೆ ಅತ್ತಿಗೆಯದು. ಮೂರನೆಯದಾಗಿ ‘ಗೆಸ್ಟ್’ ಬಂದು ಕೂತಿತು. ತಂಗಿಯ ಲ್ಯಾಪ್‌ಟಾಪಿನಲ್ಲಿ ಅಣ್ಣನ ಕಂಪ್ಯೂಟರಿನ ‘ಮನೆ’ ಎಂಬ ಫೋಲ್ಡರ್ ತೆರೆದುಕೊಂಡಿತು. ಫೋಟೋಗಳು, ಕರೆಂಟ್ ಬಿಲ್ಲುಗಳು, ಅವಳ ಮದುವೆಯ ವಿಡಿಯೋ ಕೂಡ. ತನ್ನದೊಂದು ಫೈಲನ್ನು ಅದರೊಳಗೆ ಎಳೆದು ಹಾಕಿದಳು. ಅದು ಒಳಗೆ ಹೋಗಲಿಲ್ಲ. ಮತ್ತೆ ಹಾಕಿದಳು.

“ಇಡೋಕೆ ಬಿಡ್ತಿಲ್ಲ.”

“ಗೆಸ್ಟ್ ಅಲ್ವಾ! ಎಲ್ಲಾ ನೋಡಬಹುದು, ಏನೂ ಇಡೋಕಾಗಲ್ಲ. ಪ್ರಿಂಟ್ ಬರುತ್ತಲ್ಲ, ಅಷ್ಟು ಸಾಕು ಬಿಡು.”

ಪ್ರಿಂಟ್ ಬಂತು. ಪ್ರಿಂಟರ್ ಕೆಮ್ಮಿ, ಗೊಣಗಿ, ಹಾಳೆಯನ್ನು ಹೊರಗೆ ನೂಕಿತು. ಅಣ್ಣ ಎತ್ತಿಕೊಂಡು ಗಟ್ಟಿಯಾಗಿ ಓದಿದ. “‘ಇಲ್ಲಿ ಹೆಂಗಸರ, ಮಕ್ಕಳ ಬಟ್ಟೆ ಹೊಲಿದು ಕೊಡಲಾಗುತ್ತದೆ.’ ಭಲೇ! ಅಕ್ಷರ ಎಷ್ಟು ದಪ್ಪಗೆ ಬಂದಿದೆ ನೋಡು. ಎಲ್ಲಿ ಅಂಟಿಸ್ತೀಯ?”

“ಗೇಟಿಗೆ.”

ಅವನು ಹೆಂಡತಿಯ ಮುಖ ನೋಡಿದ. ಅವಳು ಬಾಗಿಲ ಪರದೆಯ ಮಡಿಕೆ ಸರಿಮಾಡತೊಡಗಿದಳು.

“ಈಗೇನು ಅವಸರ ಪುಟ್ಟೀ?” ಅತ್ತಿಗೆ ಅಕ್ಕರೆಯಿಂದಲೇ ಅಂದಳು. “ದುಡೀಲೇಬೇಕು ಅಂತ ನಾವೇನಾದ್ರೂ ಅಂದ್ವಾ? ಇರೋಷ್ಟು ದಿನ ಆರಾಮಾಗಿರು.”

ತಂಗಿ ಹಾಳೆಯನ್ನು ಅಣ್ಣನ ಕೈಯಿಂದ ತೆಗೆದುಕೊಂಡಳು. ಅದಿನ್ನೂ ಬೆಚ್ಚಗಿತ್ತು. ‘ಇಲ್ಲಿ’ ಎಂಬ ಪದದ ಮೇಲೆ ಬೆರಳಾಡಿಸಿ ನೋಡಿದಳು, ಶಾಯಿ ಅಂಟಲಿಲ್ಲ. ಅವಳು ಜೋರಾಗಿ ಮಾತಾಡಿದ್ದನ್ನು ಈ ಮನೆ ಕೇಳಿದ್ದಿಲ್ಲ. ಈಗಲೂ ದನಿ ಏರಲಿಲ್ಲ.

“ಅಣ್ಣಾ, ಆ ಗೆಸ್ಟ್ ತೆಗೆದು ನನ್ನ ಹೆಸರು ಹಾಕ್ಕೊಡು. ಪಾಸ್‌ವರ್ಡ್ ಇದ್ರೂ ಪರವಾಗಿಲ್ಲ, ನೆನಪಿಟ್ಕೋತೀನಿ.”

ಅಣ್ಣನ ಕೈ ಮೌಸಿನ ಮೇಲೆ ಹೋಯಿತು. ಕಂಪ್ಯೂಟರಿನಲ್ಲಿ ಬಾಣದ ಗುರುತು ನಿಂತಲ್ಲೇ ನಿಂತಿತ್ತು.