ಇಮಾಮರ ಕೈದಿಗಳು

ಏಲಕ್ಕಿ ಹಾಕಿ ಕಾಯಿಸಿದ ಕಪ್ಪು ಕಾಫಿಯ ವಾಸನೆ ಬಂದರೆ ನನಗೆ ಈಗಲೂ, ಚಿಕ್ಕಂದಿನಲ್ಲಿ ಅಪ್ಪನ ಕೆಲಸಕ್ಕಾಗಿ ನಾವಿದ್ದ ಅರಬ್ ಊರು ನಿಜ್ವಾದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಅಪ್ಪ ಸಿಟ್ಟಿನಲ್ಲಿ ತಮ್ಮನನ್ನು ರೂಮಿಗೆ ಹಾಕಿ ಬೀಗ ಜಡಿದರು. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು ಪಕ್ಕದಲ್ಲೇ ಇದ್ದ ಮನೆ ಮಾಲೀಕರಲ್ಲಿಗೆ ಹೋದರು. ಆ ಮುದುಕರು ಒರಟು ಉಣ್ಣೆಯ ಜಮಖಾನದ ಮೇಲೆ ನಮ್ಮನ್ನು ಕೂರಿಸಿ, ಖರ್ಜೂರ ಮುಂದಿಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಸುರಿದರು. ಸಾಕೆನಿಸಿದಾಗ ಬಟ್ಟಲನ್ನು ಅಲ್ಲಾಡಿಸಬೇಕು. ಇಲ್ಲದಿದ್ದರೆ ಅವರು ಸುರಿಯುತ್ತಲೇ ಇರುತ್ತಾರೆ. ಅಪ್ಪನಿಗೆ ಅದು ಗೊತ್ತಿತ್ತು. ಆದರೂ ಅಂದು ಸುಮ್ಮನೆ ಐದು ಬಟ್ಟಲು ಕುಡಿದರು.

ಹೊರಗೆ ಮೋಡ ಕಟ್ಟಿತ್ತು. ಮುದುಕರು ಕಿಟಕಿಯಾಚೆ ಒಣಗಿ ಬಿದ್ದಿದ್ದ ಹೊಳೆಯನ್ನು ತೋರಿಸಿ, ತಮಗೆ ಬರುವ ಹಿಂದಿಯಲ್ಲಿ ಹೇಳಿದರು: "ಸಾವಿರ ವರ್ಷಕ್ಕೂ ಹಿಂದೆ ನಮ್ಮನ್ನ ಆಳ್ತಿದ್ದ ಇಮಾಮರು ಈ ಹೊಳೇಲೇ ಕೊಚ್ಚಿಹೋದ್ರು. ಪ್ರವಾಹ ಜೈಲಿನ ಹತ್ತಿರ ಬಂದಿತ್ತು. ಕೈದಿಗಳನ್ನ ಬಿಡಿಸಿ ಅಂದ್ರು, ಯಾರೂ ಇಳೀಲಿಲ್ಲ. ಕೊನೆಗೆ ತಾವೇ ಇಳಿದ್ರು."

"ಆ ಕೈದಿಗಳು ಏನು ತಪ್ಪು ಮಾಡಿದ್ರಂತೆ?" ಎಂದು ಅಪ್ಪನನ್ನು ಕೇಳಿದೆ. ಅಪ್ಪ ಅದನ್ನು ಹಿಂದಿಯಲ್ಲಿ ಕೇಳಿದರು.

ಮುದುಕರು ಗಡ್ಡ ನೀವಿಕೊಂಡರು. "ಅದು ಯಾರಿಗೂ ನೆನಪಿಲ್ಲ ಮಗಳೇ."

ಅಪ್ಪ ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟರು. "ನಡಿ ಪುಟ್ಟಿ, ಹೋಗೋಣ" ಎಂದು ಎದ್ದವರು, ಚಪ್ಪಲಿ ಮೆಟ್ಟುವ ಮೊದಲೇ ಜೇಬಿನಲ್ಲಿ ಬೀಗದ ಕೈ ತಡಕಿದರು.

ತಮ್ಮ ಅಂದು ಏನು ಮಾಡಿದ್ದನೋ, ಈಗ ಅವನಿಗೂ ನೆನಪಿಲ್ಲ, ನನಗೂ ಇಲ್ಲ.